ಹಾರ್ಡ್ ಡಿಸ್ಕ್ ‘ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳುತ್ತಿದೆ, ಒಳಗೆ ಆರು ವರ್ಷದ ಕೆಲಸ ಇದೆ. ಯಾವ ಸಾಫ್ಟ್‌ವೇರ್ ಹಾಕಲಿ?

ಗದಗ ಡಿಟಿಪಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಬಿಲ್ ಬುಕ್, ಸಂಘಗಳ ವಾರ್ಷಿಕ ವರದಿ, ಇಂಥ ಕೆಲಸ. ಹಳೇ ಕೆಲಸವೆಲ್ಲ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿದೆ. ಇವತ್ತು ಮಧ್ಯಾಹ್ನ ಅದಕ್ಕೆ ಫೈಲ್ ಕಾಪಿ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎರಡು ತಿಂಗಳಾಗಿತ್ತು. ಬದಲಿಸೋಣ ಬದಲಿಸೋಣ ಅಂತ ದಿನ ದೂಡಿದ್ದೆ.

ಕರೆಂಟ್ ಬಂದ ಮೇಲೆ ಡಿಸ್ಕ್ ಚುಚ್ಚಿದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತಿದೆ. ಪ್ರಾಪರ್ಟೀಸ್ ನೋಡಿದರೆ ಫೈಲ್ ಸಿಸ್ಟಮ್ (ಫೈಲುಗಳ ಲೆಕ್ಕ ಇಡುವ ಪದ್ಧತಿ) ಎನ್‌ಟಿಎಫ್‌ಎಸ್ ಅಂತ ಇರಬೇಕಾದ ಜಾಗದಲ್ಲಿ ‘ರಾ’, ಅಂದರೆ ಗುರುತು ಸಿಗದ್ದು, ಅಂತ ಇದೆ. ಮುಂದಿನ ವಾರ ಒಂದು ಹೈಸ್ಕೂಲಿನ ಸ್ಮರಣ ಸಂಚಿಕೆ ಪ್ರಿಂಟಿಗೆ ಹೋಗಬೇಕು. 96 ಪುಟ, ಪೇಜ್‌ಮೇಕರ್‌ನಲ್ಲಿ ಮಾಡಿದ್ದು, ಅದೂ ಅದರಲ್ಲೇ ಇದೆ. ಗೂಗಲ್ ಮಾಡಿದರೆ ನೂರಾರು ಸಾಫ್ಟ್‌ವೇರ್ ತೋರಿಸುತ್ತದೆ. ಎಲ್ಲವೂ ನಾನೇ ನಂಬರ್ ಒನ್ ಅನ್ನುತ್ತವೆ. ಯಾವುದನ್ನು ಹಾಕಲಿ? ತಲೆ ಓಡುತ್ತಿಲ್ಲ.

ರಾಣೇಬೆನ್ನೂರು ಸ್ಟುಡಿಯೋ · ರಾತ್ರಿ 9:52

ಅಣ್ಣಾ, ಫಾರ್ಮ್ಯಾಟ್ ಒತ್ತಬೇಡ. ಉಳಿದದ್ದು ಆಮೇಲೆ ನೋಡೋಣ.

ಟೂಲ್ ಮಾಮಾ · ರಾತ್ರಿ 10:05

ಒಂದು ಒಳ್ಳೆಯ ರಿಕವರಿ ಸಾಫ್ಟ್‌ವೇರ್ ಇದೆ, ದುಡ್ಡಿಂದು. ಅದರ ಫುಲ್ ವರ್ಷನ್ ಕೀ ಸಮೇತ ಟೆಲಿಗ್ರಾಂನಲ್ಲಿ ಸಿಗುತ್ತದೆ. ಬೇಕಂದ್ರೆ ಲಿಂಕ್ ಕೊಡ್ತೀನಿ. ಆಂಟಿವೈರಸ್ ಮಾತ್ರ ಆಫ್ ಮಾಡಿ ಹಾಕಬೇಕು.

ಉಣಕಲ್ ದಂಡೆ · ರಾತ್ರಿ 10:20

ಮಾಮಾ ಹೇಳಿದ್ದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗದಗಿನ ಅಣ್ಣನಿಗೆ.

ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಈಗ ಅಂಗಡಿ ಮುಚ್ಚಿದ್ದೇನೆ, ಚಟ ಮಾತ್ರ ಹೋಗಿಲ್ಲ. ‘ಯಾವ ಸಾಫ್ಟ್‌ವೇರ್’ ಅನ್ನೋದು ಮೂರನೇ ಪ್ರಶ್ನೆ. ಮೊದಲ ಪ್ರಶ್ನೆ ಡಿಸ್ಕಿನ ಮೈ ಹೇಗಿದೆ ಅನ್ನೋದು. ಎರಡನೆಯದು, ಅದರ ನಕಲು ನಿಮ್ಮ ಕೈಯಲ್ಲಿ ಇದೆಯಾ ಅನ್ನೋದು.

ಈಗ ಇಷ್ಟು ಹೇಳಿ:
ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತದೆಯಾ? ಚುಚ್ಚಿದ ಮೇಲೆ ಏನೇನು ಒತ್ತಿದ್ದೀರಿ? ವಿಂಡೋಸಿನ ಡಿಸ್ಕ್ ತಪಾಸಣೆ ‘ಚೆಕ್‌ಡಿಸ್ಕ್’ ಓಡಿಸಿದ್ದೀರಾ? ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಚಿಕ್ಕ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಕಂಪ್ಯೂಟರಿನ ಸಿ ಡ್ರೈವಿನಲ್ಲಿ ಹಾಕಿ, ಈ ಡಿಸ್ಕಿನ ಬಣ್ಣ ನೀಲಿಯೋ ಹಳದಿಯೋ ಕೆಂಪೋ ನೋಡಿ. ಡಿಸ್ಕಿನಲ್ಲಿ ಹಾಳಾದ ಜಾಗದ ಲೆಕ್ಕ ಹೇಳುವ 05, ಸಿ5, ಸಿ6 ಈ ಮೂರು ಸಾಲಿನ ಕೊನೆಯ ಸಂಖ್ಯೆ ಬರೆದು ಕಳಿಸಿ. ನೋಡಿದ ಕೂಡಲೇ ಡಿಸ್ಕ್ ತೆಗೆದಿಡಿ. ಚುಚ್ಚಿ ಇಟ್ಟು ಊಟಕ್ಕೆ ಹೋಗಬೇಡಿ.

ಗದಗ ಡಿಟಿಪಿ · ರಾತ್ರಿ 10:48

ಸದ್ದಿಲ್ಲ ಸರ್. ಫಾರ್ಮ್ಯಾಟ್ ಒತ್ತಿಲ್ಲ. ಚೆಕ್‌ಡಿಸ್ಕ್ ಓಡಿಸಲು ಹೋದೆ. ‘ರಾ ಡ್ರೈವಿಗೆ ಆಗೋದಿಲ್ಲ’ ಅಂತ ನಿಂತಿತು. ಬಣ್ಣ ಹಳದಿ. 05 ಸೊನ್ನೆ, ಸಿ5ರಲ್ಲಿ 16, ಸಿ6ರಲ್ಲೂ 16.

ಉಣಕಲ್ ದಂಡೆ · ರಾತ್ರಿ 11:10

ಚೆಕ್‌ಡಿಸ್ಕ್ ನಿಂತಿದ್ದು ನಿಮ್ಮ ಪುಣ್ಯ. ಜನ ಅದನ್ನು ಫೈಲ್ ಉಳಿಸುವ ಸಾಧನ ಅಂದುಕೊಂಡಿದ್ದಾರೆ. ಅದು ಉಳಿಸುವುದು ಫೈಲ್ ಸಿಸ್ಟಮ್ಮಿನ ಲೆಕ್ಕವನ್ನು. ಲೆಕ್ಕ ಸರಿಹೊಂದದ ಫೈಲ್ ಸಿಕ್ಕರೆ ಕತ್ತರಿಸಿ ‘ಫೌಂಡ್ 000’ ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಸಿಎಚ್‌ಕೆ ಚೂರುಗಳನ್ನು ತುಂಬುತ್ತದೆ. ನಕಲು ಕೈಯಲ್ಲಿದ್ದಾಗ ಓಡಿಸಿದರೆ ತಪ್ಪಿಲ್ಲ. ನಕಲಿಲ್ಲದೆ ಓಡಿಸಿದರೆ ಜೂಜು.

ಸಿ5ರಲ್ಲಿ 16 ಅಂದರೆ ಡಿಸ್ಕಿಗೆ ಓದಲು ಕಷ್ಟವಾಗಿ ‘ಆಮೇಲೆ ನೋಡೋಣ’ ಅಂತ ಬದಿಗಿಟ್ಟ 16 ಸೆಕ್ಟರ್, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ಮನೆಗಳು, ಇವೆ. ದೊಡ್ಡ ಗಾಯ ಅಲ್ಲ. ಆದರೆ ರಿಕವರಿ ಸಾಫ್ಟ್‌ವೇರ್ ಹಾಕಿ ಡೀಪ್ ಸ್ಕ್ಯಾನ್ ಕೊಟ್ಟರೆ ಅದು ಪೂರ್ತಿ ಡಿಸ್ಕನ್ನು ಉಜ್ಜುತ್ತದೆ. ಅರ್ಧಕ್ಕೆ ಸಿಕ್ಕಿಹಾಕಿಕೊಂಡರೆ ಮತ್ತೆ ಮೊದಲಿಂದ ಉಜ್ಜುತ್ತದೆ. ಒಂದು ಸಾಫ್ಟ್‌ವೇರ್ ಆಗಲಿಲ್ಲ ಅಂತ ಇನ್ನೊಂದು, ಅದಾದ ಮೇಲೆ ಮತ್ತೊಂದು. ನಾಲ್ಕನೇ ಸಾಫ್ಟ್‌ವೇರ್ ಹೊತ್ತಿಗೆ 16 ಇದ್ದದ್ದು ಸಾವಿರ ಆಗಿರುತ್ತದೆ. ನನ್ನ ಅಂಗಡಿಗೆ ಬರುತ್ತಿದ್ದ ಡಿಸ್ಕುಗಳಲ್ಲಿ ಬಹಳಷ್ಟು ಹೀಗೆ ಮನೆಯಲ್ಲೇ ಉಜ್ಜಿಸಿಕೊಂಡು ಬಂದವು.

ಅದಕ್ಕೆ ಒಂದೇ ಸಲ ಓದಿ ಪೂರ್ತಿ ನಕಲು ತೆಗೆಯಬೇಕು. ಆಮೇಲೆ ಏನು ಆಟ ಆಡಿದರೂ ನಕಲಿನ ಮೇಲೆ. ನಾಳೆ 2 ಟಿಬಿ ಡಿಸ್ಕ್ ಒಂದು ತನ್ನಿ. 1 ಟಿಬಿಯದು ತರಬೇಡಿ. ಇಮೇಜ್ ಫೈಲ್, ಅಂದರೆ ಆ ಪೂರ್ತಿ ನಕಲು, ಹಿಡಿಸಬೇಕು, ಅದರಿಂದ ತೆಗೆದ ಫೈಲುಗಳೂ ಹಿಡಿಸಬೇಕು.

ಟೂಲ್ ಮಾಮಾ · ರಾತ್ರಿ 11:25

ಅಷ್ಟೆಲ್ಲ ಯಾಕೆ? ನಮ್ಮ ಗೆಳೆಯನೊಬ್ಬ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟಿದ್ದ. ಬೆಳಿಗ್ಗೆ ಓಡಿತು.

ಉಣಕಲ್ ದಂಡೆ · ರಾತ್ರಿ 11:31

ಬಹಳ ಹಳೇ ಡಿಸ್ಕುಗಳ ಕಾಲದ ಮಾತು ಅದು ಮಾಮಾ. ತಣ್ಣಗಾದ ಡಿಸ್ಕ್ ಹೊರಗೆ ತಂದರೆ ಒಳಗೆ ಹನಿ ಕಟ್ಟುತ್ತದೆ. ಹೆಡ್ಡು ಪ್ಲೇಟಿನ ಮೇಲೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎತ್ತರದಲ್ಲಿ ಹಾರುತ್ತಿರುತ್ತದೆ. ಅಲ್ಲಿ ಹನಿ ಕೂತರೆ ಮುಗಿಯಿತು. ಫ್ರಿಜ್ಜಿನಲ್ಲಿ ಪೇಡಾ ಇಡಿ.

ಬ್ಯಾಡಗಿ ಲೆಕ್ಕ · ಮಂಗಳವಾರ ಬೆಳಿಗ್ಗೆ 7:15

ಟೂಲ್ ಮಾಮಾ ಅವರ ಟೆಲಿಗ್ರಾಂ ಲಿಂಕಿನ ಬಗ್ಗೆ ನಾನು ಹೇಳುತ್ತೇನೆ. ನನಗೆ ಅನುಭವ ಆಗಿದೆ.

ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಸೀಸನ್ ನಡುವೆ ನಮ್ಮ ಹುಡುಗ ಯಾವುದೋ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳಪ್ರತಿ, ಇಳಿಸಿ ಹಾಕಿದ. ಇದೇ ಮಾತು, ‘ಆಂಟಿವೈರಸ್ ಆಫ್ ಮಾಡಿ ಹಾಕಿ’. ಅರ್ಧ ತಾಸಿನಲ್ಲಿ ಎಲ್ಲ ಫೈಲಿನ ಬಾಲಕ್ಕೂ ನಾಲ್ಕು ಹೊಸ ಅಕ್ಷರ ಸೇರಿಕೊಂಡವು. ಯಾವುದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ, ‘ದುಡ್ಡು ಕೊಡು, ಕೀಲಿ ಕೊಡುತ್ತೇವೆ’. ಆಮೇಲೆ ಗೊತ್ತಾಯಿತು, ಅದರ ಹೆಸರು ಸ್ಟಾಪ್, ಕೆಲವರು ಡೆಜಾವು ಅನ್ನುತ್ತಾರೆ. ಅದು ಹರಡುವ ಮುಖ್ಯ ದಾರಿಯೇ ಈ ಕ್ರ್ಯಾಕ್, ಕಳ್ಳ ಕೀ ತಯಾರಿಸುವ ಕೀಜೆನ್‌ಗಳು.

ಅದಕ್ಕೆ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಉಚಿತ ಸಾಧನ ಬಿಟ್ಟಿತು. 148 ತರದ ತಳಿಗಳಿಗೆ ಅದು ನಡೆಯುತ್ತಿತ್ತು. ಹೊಸ ತಳಿಗಳಲ್ಲಿ ಪ್ರತಿ ಕಂಪ್ಯೂಟರಿಗೂ ಬೇರೆ ಆನ್‌ಲೈನ್ ಕೀಲಿ. ಅಂಥದಕ್ಕೆ ಯಾವ ಸಾಧನವೂ ಇಲ್ಲ. ನಮ್ಮದು ಆನ್‌ಲೈನ್ ಕೀಲಿಯದೇ ಆಗಿತ್ತು. ದೇವರ ದಯೆ, ಹದಿನೈದು ದಿನದ ಹಿಂದಿನ ಟ್ಯಾಲಿ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿತ್ತು, ಪೆನ್‌ಡ್ರೈವ್ ನನ್ನ ಕಿಸೆಯಲ್ಲಿತ್ತು. ಆ ಹದಿನೈದು ದಿನದ ಬಿಲ್ಲುಗಳನ್ನು ಮತ್ತೆ ಕೈಯಿಂದ ಹೊಡೆದೆವು. ರಾತ್ರಿ ಎರಡರ ತನಕ ಕೂತು.

ಯಾರಿಗಾದರೂ ಇಂಥದು ಬಂದರೆ ‘ನೋ ಮೋರ್ ರ್‍ಯಾನ್ಸಮ್’ ಜಾಲತಾಣಕ್ಕೆ ಹೋಗಿ. 2016ರಲ್ಲಿ ಯೂರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಹಾಳಾದ ಒಂದು ಫೈಲನ್ನೂ ಆ ಚೀಟಿಯನ್ನೂ ಅಲ್ಲಿ ಹಾಕಿದರೆ ಯಾವ ತಳಿ, ಕೀಲಿ ಇದೆಯಾ ಇಲ್ಲವಾ ಹೇಳುತ್ತದೆ. ಕೀಲಿ ಇಲ್ಲ ಅಂದರೂ ಹಾಳಾದ ಫೈಲ್ ಅಳಿಸಬೇಡಿ, ಮುಂದೆ ಸಿಕ್ಕೀತು. ಪೊಲೀಸ್ ದೂರಿಗೆ 1930.

ಟೂಲ್ ಮಾಮಾ · ಬೆಳಿಗ್ಗೆ 8:02

ಸರಿ ಬಿಡ್ರಿ, ಲಿಂಕ್ ಕೊಡೋದಿಲ್ಲ. ಒಳ್ಳೇದಕ್ಕೇ ಹೇಳಿದ್ದೆ.

ಸಾಧನಕೇರಿ · ಬೆಳಿಗ್ಗೆ 8:40

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇಂಥದೇ ಗೋಳು. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶನಿವಾರ ಲ್ಯಾಪ್‌ಟಾಪ್ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಮೂರನೇ ಅಧ್ಯಾಯದ ಪೂರ್ತಿ ಫೋಲ್ಡರನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಿಬಿಟ್ಟೆ. ರೀಸೈಕಲ್ ಬಿನ್‌ನಲ್ಲೂ ಇಲ್ಲ. ಒಂದು ರಿಕವರಿ ಸಾಫ್ಟ್‌ವೇರ್ ಹಾಕಿದೆ. ಎಲ್ಲ ಫೈಲಿನ ಹೆಸರು ಬಂತು, ‘ಎಕ್ಸಲೆಂಟ್’ ಅಂತ ಹಸಿರು ಚುಕ್ಕೆಯೂ ಬಂತು. ಖುಷಿಯಿಂದ ತೆರೆದರೆ ಖಾಲಿ. ಅಳತೆ ಸರಿಯಾಗಿದೆ, ಒಳಗೆ ಏನೂ ಇಲ್ಲ. ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಯಾವುದು?

ಉಣಕಲ್ ದಂಡೆ · ಬೆಳಿಗ್ಗೆ 9:05

ಅಕ್ಕಾವರೆ, ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗದ ಚಿಪ್ಪಿನ ಡಿಸ್ಕ್, ಇದೆ ಅಲ್ವಾ?

ಸಾಧನಕೇರಿ · ಬೆಳಿಗ್ಗೆ 9:11

ಹೌದು, 512 ಜಿಬಿಯದು.

ಉಣಕಲ್ ದಂಡೆ · ಬೆಳಿಗ್ಗೆ 9:30

ಹಾಗಾದರೆ ಬೇರೆ ಸಾಫ್ಟ್‌ವೇರ್ ಹುಡುಕಬೇಡಿ. ಬೇಜಾರಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಹಳೇ ತಿರುಗುವ ಡಿಸ್ಕಿನಲ್ಲಿ ಡಿಲೀಟ್ ಅಂದರೆ ತಲಾಟಿ ಕಚೇರಿಯ ಖಾತೆ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದ ಹಾಗೆ. ಹೊಲ ಹಾಗೇ ಇರುತ್ತದೆ, ಬೇರೆ ಯಾರಾದರೂ ಬಂದು ಬಿತ್ತುವ ತನಕ. ರಿಕವರಿ ಸಾಫ್ಟ್‌ವೇರ್ ಹೋಗಿ ಆ ಹೊಲದಲ್ಲಿ ಬೆಳೆ ಕೊಯ್ದು ತರುತ್ತದೆ. ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಅಂತ ಒಂದು ಇದೆ. ವಿಂಡೋಸ್ 7ರ ಕಾಲದಿಂದ, ಅಂದರೆ 2009ರಿಂದ, ನೀವು ಡಿಲೀಟ್ ಒತ್ತಿದ ಕೂಡಲೇ ವಿಂಡೋಸ್ ಆ ಎಸ್‌ಎಸ್‌ಡಿಗೆ ‘ಈ ಜಾಗ ಇನ್ನು ಬೇಕಿಲ್ಲ’ ಅಂತ ಹೇಳಿಬಿಡುತ್ತದೆ. ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಅದನ್ನು ಒಳಗಿಂದಲೇ ಅಳಿಸುತ್ತದೆ. ಅಳಿಸುವ ಮೊದಲೇ ಓದಲು ಹೋದರೂ ಬಹುಪಾಲು ಎಸ್‌ಎಸ್‌ಡಿ ಸೊನ್ನೆಗಳನ್ನೇ ಕೊಡುತ್ತವೆ. ನಿಮಗೆ ಹೆಸರು, ಅಳತೆ ಸಿಕ್ಕಿದ್ದು ಖಾತೆ ಪುಸ್ತಕದಿಂದ. ಹಸಿರು ಚುಕ್ಕೆ ಹೇಳಿದ್ದು ‘ಆ ಜಾಗದಲ್ಲಿ ಬೇರೆ ಫೈಲ್ ಕೂತಿಲ್ಲ’ ಅಂತ ಮಾತ್ರ. ಒಳಗೆ ಅಕ್ಷರ ಇದೆ ಅಂತ ಅದು ಹೇಳಿಲ್ಲ.

ಈಗ ಮಾಡಬೇಕಾದ್ದು ಬೇರೆ. ಆ ಫೈಲ್ ಬೇರೆ ಎಲ್ಲೆಲ್ಲಿ ಹೋಗಿತ್ತು ನೆನಪು ಮಾಡಿಕೊಳ್ಳಿ. ಗೈಡ್‌ಗೆ ಮೇಲ್ ಮಾಡಿದ್ದೀರಾ? ಮೇಲಿನ ‘ಸೆಂಟ್’ ನೋಡಿ. ಜೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೀರಾ? ಫೋನಿನ ಫೈಲ್ ಮ್ಯಾನೇಜರಿನಲ್ಲಿ ವಾಟ್ಸಾಪ್ ಡಾಕ್ಯುಮೆಂಟ್ಸ್ ಒಳಗೆ ‘ಸೆಂಟ್’ ಅಂತ ಬೇರೆ ಫೋಲ್ಡರ್ ಇರುತ್ತದೆ. ಒನ್‌ಡ್ರೈವ್ ಲಾಗಿನ್ ಇದ್ದರೆ ಜಾಲತಾಣಕ್ಕೆ ಹೋಗಿ ಅಲ್ಲಿಯ ರೀಸೈಕಲ್ ಬಿನ್ ತೆರೆಯಿರಿ, 30 ದಿನ ಇರುತ್ತದೆ. ಗೂಗಲ್ ಡ್ರೈವ್ ಕಸದಬುಟ್ಟಿಯೂ 30 ದಿನ. ವರ್ಡ್‌ನಲ್ಲಿ ಫೈಲ್, ಇನ್ಫೋ, ‘ಮ್ಯಾನೇಜ್ ಡಾಕ್ಯುಮೆಂಟ್’ ಒತ್ತಿ, ಸೇವ್ ಆಗದ ಪ್ರತಿಗಳು ಇವೆಯಾ ನೋಡಿ. ಆ ಫೋಲ್ಡರ್ ಇದ್ದ ಮೇಲಿನ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ. ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದ್ದರೆ ಸಿಗಬಹುದು.

ಸಾಧನಕೇರಿ · ಬೆಳಿಗ್ಗೆ 11:50

ಸಿಕ್ಕಿತು! ಪೂರ್ತಿ ಅಲ್ಲ. ಗೈಡ್‌ಗೆ ಮೂರು ವಾರದ ಹಿಂದೆ ಕಳಿಸಿದ ಪ್ರತಿ ಮೇಲ್‌ನಲ್ಲಿದೆ. ಲೈನ್ ಬಜಾರಿನ ಜೆರಾಕ್ಸ್ ಅಂಗಡಿಗೆ ಕಳೆದ ಮಂಗಳವಾರ ಕಳಿಸಿದ ಪಿಡಿಎಫ್ ವಾಟ್ಸಾಪ್‌ನಲ್ಲಿದೆ. ನಡುವಿನ ಎರಡು ವಿಭಾಗ ಪಿಡಿಎಫ್‌ನಿಂದ ನೋಡಿ ಟೈಪ್ ಮಾಡಬೇಕು. ಅತ್ತು ಮುಗಿಯಿತು, ಟೈಪ್ ಮಾಡುತ್ತೇನೆ. ಉಣಕಲ್ ಸರ್, ನಿಮಗೆ ಪೇಡಾ ಬಾಕಿ.

ರಾಣೇಬೆನ್ನೂರು ಸ್ಟುಡಿಯೋ · ಮಧ್ಯಾಹ್ನ 12:30

ನಮ್ಮ ಲೈನಿನಲ್ಲಿ ಬರುವ ರೋಗ ಮೆಮೊರಿ ಕಾರ್ಡಿನದು. ಲಗ್ನದ ಮನೆಯಲ್ಲಿ ಗಡಿಬಿಡಿಯಲ್ಲಿ ಹುಡುಗರು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಕೊಟ್ಟುಬಿಡುತ್ತಾರೆ, ಒಳಗೆ ಅಕ್ಷತೆ ಫೋಟೋ ಇರುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಮಾಡುವುದು ಮೇಲುಮೇಲಿನ ಫಾರ್ಮ್ಯಾಟ್. ಮತ್ತೆ ಒಂದೂ ಫೋಟೋ ಹೊಡೆಯದೆ ಕಾರ್ಡ್ ಹೊರಗೆ ತೆಗೆದರೆ ಫೋಟೋರೆಕ್‌ನಲ್ಲಿ ಎಲ್ಲ ಬರುತ್ತದೆ. ನಾನು ನಾಲ್ಕು ಸಲ ತೆಗೆದಿದ್ದೇನೆ. ಬಿಟ್ಟಿ ಸಾಫ್ಟ್‌ವೇರ್, ಕಪ್ಪು ಪರದೆ, ನೋಡಲು ಚಂದ ಇಲ್ಲ.

ವಿಡಿಯೋ ಮಾತ್ರ ಕಷ್ಟ. ಕಾರ್ಡಿನಲ್ಲಿ ಚೂರುಚೂರಾಗಿ ಕೂತಿರುತ್ತದೆ, ಹೊರಗೆ ಬಂದದ್ದು ಓಡುವುದಿಲ್ಲ. ಬ್ಯಾಟರಿ ಸತ್ತು ಅರ್ಧಕ್ಕೆ ನಿಂತ ವಿಡಿಯೋ ಆದರೆ ‘ಅನ್‌ಟ್ರಂಕ್’ ಅಂತ ಒಂದಿದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಮಾದರಿಗೆ ಕೊಟ್ಟರೆ ಹಾಳಾದದ್ದನ್ನು ಸರಿ ಮಾಡುತ್ತದೆ.

ಗದಗ ಡಿಟಿಪಿ · ಸಂಜೆ 5:20

2 ಟಿಬಿ ಡಿಸ್ಕ್ ತಂದೆ. ಮುಂದೆ ಹೇಳಿ ಸರ್. ಫೋಟೋರೆಕ್ ಹಾಕಲಾ? ರಿಕುವಾ ಹೆಸರು ಬಹಳ ಜನ ಹೇಳುತ್ತಾರೆ.

ಉಣಕಲ್ ದಂಡೆ · ಸಂಜೆ 6:45

ಈಗ ಸಾಫ್ಟ್‌ವೇರ್ ಮಾತಿಗೆ ಬರೋಣ. ಒಂದೊಂದೂ ಒಂದೊಂದು ಕೆಲಸಕ್ಕೆ.

ರಿಕುವಾ ಒಳ್ಳೆಯದು, ಆದರೆ ಅದರ ಕೆಲಸ ಆರೋಗ್ಯವಾಗಿರುವ ಡ್ರೈವಿನಲ್ಲಿ ತಪ್ಪಿ ಡಿಲೀಟ್ ಆದದ್ದನ್ನು ತರುವುದು. ನಿಮ್ಮದು ಡಿಲೀಟ್ ಅಲ್ಲ. ಮೈಕ್ರೋಸಾಫ್ಟ್ 2020ರಲ್ಲಿ ‘ವಿಂಡೋಸ್ ಫೈಲ್ ರಿಕವರಿ’ ಅಂತ ತನ್ನದೇ ಒಂದು ಬಿಟ್ಟಿತು. ಸ್ಟೋರ್‌ನಲ್ಲಿ ಉಚಿತ, ಕಮಾಂಡ್ ಟೈಪ್ ಮಾಡಬೇಕು. ಅದೂ ಹೆಚ್ಚಾಗಿ ಡಿಲೀಟ್ ಆದದ್ದನ್ನು ತರಲು.

ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್ ಅಣ್ಣತಮ್ಮಂದಿರು. ಇಬ್ಬರನ್ನೂ ಬರೆದವರು ಕ್ರಿಸ್ಟೋಫ್ ಗ್ರೆನಿಯೆ ಅನ್ನುವ ಫ್ರೆಂಚ್ ಪ್ರೋಗ್ರಾಮರ್. ಎರಡೂ ಮುಕ್ತ ಸಾಫ್ಟ್‌ವೇರ್. ಟೆಸ್ಟ್‌ಡಿಸ್ಕ್ ಪಾರ್ಟಿಷನ್ ಪಟ್ಟಿ (ಡಿಸ್ಕಿನ ಭಾಗಗಳ ಪಟ್ಟಿ), ಬೂಟ್ ಸೆಕ್ಟರ್ (ಆ ಭಾಗದ ಮೊದಲ ಮಾಹಿತಿ ಪುಟ) ಸರಿ ಮಾಡುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಬೂಟ್ ಸೆಕ್ಟರಿನ ಒಂದು ನಕಲು ಪಾರ್ಟಿಷನ್ನಿನ ಕಟ್ಟಕಡೆಗೆ ಇರುತ್ತದೆ. ಟೆಸ್ಟ್‌ಡಿಸ್ಕ್ ಅದನ್ನು ತಂದು ಮುಂದೆ ಬರೆಯಬಲ್ಲದು. ‘ರಾ’ ಆದ ಡಿಸ್ಕ್ ಒಮ್ಮೊಮ್ಮೆ ಇಷ್ಟರಿಂದಲೇ ಎದ್ದು ಕೂರುತ್ತದೆ. ಆದರೆ ಬರೆಯುತ್ತದೆ ಅನ್ನುವುದು ನೆನಪಿರಲಿ, ಮೂಲ ಡಿಸ್ಕಿನ ಮೇಲೆ ಬೇಡ.

ಫೋಟೋರೆಕ್ ಖಾತೆ ಪುಸ್ತಕ ನೋಡುವುದೇ ಇಲ್ಲ. ಹೊಲಕ್ಕೆ ಇಳಿದು ಬೆಳೆಯ ತಲೆ ನೋಡಿ ಗುರುತಿಸುತ್ತದೆ. ಪ್ರತಿ ಜೆಪೆಗ್ ಫೈಲ್ ಶುರುವಾಗುವುದೂ ಒಂದೇ ಗುರುತಿನಿಂದ, ಪಿಡಿಎಫ್‌ಗೆ ಬೇರೆ ಗುರುತು. ಹಾಗಾಗಿ ಫೈಲ್ ಸಿಸ್ಟಮ್ ಪೂರ್ತಿ ಹಾಳಾದರೂ ತರುತ್ತದೆ, ಆದರೆ ಹೆಸರು, ಫೋಲ್ಡರ್ ಎರಡೂ ಹೋಗುತ್ತವೆ. ನಿಮಗೆ ಅದು ಕೊನೆಯ ಅಸ್ತ್ರ.

ನಿಮಗೆ ಬೇಕಾದ್ದು ಡಿಎಮ್‌ಡಿಇ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್ ತೆಗೆಯಲು ಬಿಡುತ್ತದೆ, ಎಷ್ಟು ಸಲ ಬೇಕಾದರೂ. ಇದು ಎನ್‌ಟಿಎಫ್‌ಎಸ್‌ನ ಖಾತೆ ಪುಸ್ತಕವನ್ನು, ಎಮ್‌ಎಫ್‌ಟಿ ಅನ್ನುತ್ತಾರೆ, ಚೂರುಗಳಿಂದ ಜೋಡಿಸುತ್ತದೆ. ಪೇಜ್‌ಮೇಕರ್ ಫೈಲೋ ಕೋರಲ್ ಫೈಲೋ ಅದಕ್ಕೆ ಬೇಕಿಲ್ಲ, ಪುಸ್ತಕದಲ್ಲಿ ಬರೆದಿದ್ದರೆ ಹೆಸರು ಸಮೇತ ಕೊಡುತ್ತದೆ.

ಇವೆಲ್ಲಕ್ಕೂ ಮೊದಲು, ನಕಲು ತೆಗೆಯಲು, ಡಿಡಿರೆಸ್ಕ್ಯೂ. ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಡಿಡಿರೆಸ್ಕ್ಯೂ ಅದರಲ್ಲೇ ಇದೆ. ಅದು ಜಾಣ. ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಕೊನೆಗೆ ಮಾತ್ರ ವಾಪಸ್ ಬಂದು ಕೆದಕುತ್ತದೆ. ಎಲ್ಲಿ ತನಕ ಓದಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ನಿಮಗಂತೂ ಇದು ಬೇಕೇ ಬೇಕು. ಮ್ಯಾಪ್ ಫೈಲ್ ಹೊಸ ಡಿಸ್ಕಿನಲ್ಲೇ ಇಡಿ.

ಒಂದೇ ಅಪಾಯ. ಕಮಾಂಡಿನಲ್ಲಿ ಮೊದಲು ಹಳೇ ಡಿಸ್ಕಿನ ಹೆಸರು, ಆಮೇಲೆ ಹೊಸದು. ಅದಲುಬದಲಾದರೆ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಸುರಿಯುತ್ತೀರಿ. ಅದಕ್ಕೇ 2 ಟಿಬಿ ತರಿಸಿದ್ದು. ಅಳತೆ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಎಂಟರ್ ಒತ್ತುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ.

ಯುಎಸ್‌ಬಿ ವೈರ್ ಅಲುಗಾಡದಂತೆ ಇಡಿ. ಗಾಯವಿಲ್ಲದ ಡಿಸ್ಕಾದರೆ 1 ಟಿಬಿಗೆ ಸೆಕೆಂಡಿಗೆ ನೂರು ಎಂಬಿ ಲೆಕ್ಕದಲ್ಲಿ ಮೂರು ತಾಸು. ನಿಮ್ಮದಕ್ಕೆ ಜಾಸ್ತಿ ಹಿಡಿಯಬಹುದು.

ಹಾನಗಲ್ ಮೇಷ್ಟ್ರು · ರಾತ್ರಿ 8:10

ಸರ್, ಫೈಲ್ ಹೋಗಿಲ್ಲ, ಕಂಪ್ಯೂಟರೇ ಹೋದರೆ? ನಮ್ಮ ಶಾಲೆಯಲ್ಲಿ ಎರಡು ಕಂಪ್ಯೂಟರ್. ಒಂದು ಅಪ್‌ಡೇಟ್ ಆದ ಮೇಲೆ ಆನ್ ಆಗುತ್ತಿಲ್ಲ. ಇನ್ನೊಂದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಎಲ್ಲ ಫೋಲ್ಡರೂ ಶಾರ್ಟ್‌ಕಟ್ ಆಗುತ್ತವೆ. ರಿಪೇರಿಯವರು ಎರಡಕ್ಕೂ ‘ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತಾರೆ.

ಬ್ಯಾಡಗಿ ಲೆಕ್ಕ · ರಾತ್ರಿ 8:25

ಮೇಷ್ಟ್ರೇ, ತಲೆನೋವಿಗೂ ಫಾರ್ಮ್ಯಾಟ್, ಹೊಟ್ಟೆನೋವಿಗೂ ಫಾರ್ಮ್ಯಾಟ್. ಅವರ ಔಷಧ ಅದೊಂದೇ.

ಪೆನ್‌ಡ್ರೈವಿನದು ಹಳೇ ರೋಗ, ಜೆರಾಕ್ಸ್ ಅಂಗಡಿಗಳ ಕೊಡುಗೆ. ಫೈಲುಗಳು ಎಲ್ಲೂ ಹೋಗಿರುವುದಿಲ್ಲ. ವೈರಸ್ ಅವನ್ನು ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮಾಡಿರುತ್ತದೆ. ಶಾರ್ಟ್‌ಕಟ್ ಒತ್ತಬೇಡಿ, ಒತ್ತಿದರೆ ವೈರಸ್ ಓಡುತ್ತದೆ. ಮೊದಲು ಕಂಪ್ಯೂಟರನ್ನು ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ನಿಂದ ಸ್ವಚ್ಛ ಮಾಡಿ. ಇಲ್ಲದಿದ್ದರೆ ಈ ಕಡೆ ತೊಳೆದದ್ದು ಆ ಕಡೆ ಮತ್ತೆ ಕೊಳೆಯಾಗುತ್ತದೆ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಟ್ರಿಬ್’ ಕಮಾಂಡ್ ಕೊಟ್ಟು ಆ ಫೈಲುಗಳ ಹಿಡನ್, ಸಿಸ್ಟಮ್, ರೀಡ್ ಓನ್ಲಿ ಗುರುತು ತೆಗೆದುಹಾಕಿ. ಎಲ್ಲ ಕಣ್ಣಿಗೆ ಬೀಳುತ್ತವೆ. ಕಾಪಿ ಮಾಡಿಕೊಂಡ ಮೇಲೆ ಪೆನ್‌ಡ್ರೈವನ್ನು ಬೇಕಾದರೆ ಫಾರ್ಮ್ಯಾಟ್ ಮಾಡಿ.

ಉಣಕಲ್ ದಂಡೆ · ರಾತ್ರಿ 9:15

ಆನ್ ಆಗದ್ದಕ್ಕೆ ಹೊರಗಿನ ಸಾಫ್ಟ್‌ವೇರ್ ಬೇಕಾಗುವುದು ಅಪರೂಪ ಮೇಷ್ಟ್ರೇ. ವಿಂಡೋಸ್ ಲೋಗೋ ಬಂದಾಗ ಪವರ್ ಒತ್ತಿ ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ನೀಲಿ ಬಣ್ಣದ ದುರಸ್ತಿ ಪರದೆ ತಾನೇ ಬರುತ್ತದೆ. ಅಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ, ಕೊನೆಯ ಅಪ್‌ಡೇಟ್ ಕಿತ್ತುಹಾಕಿ. ಆಗಲಿಲ್ಲ ಅಂದರೆ ‘ಸಿಸ್ಟಮ್ ರಿಸ್ಟೋರ್’. ಇದು 2000ದ ವಿಂಡೋಸ್ ಎಮ್‌ಇ ಕಾಲದಿಂದಲೂ ಇದೆ. ಪ್ರೋಗ್ರಾಂ, ಡ್ರೈವರ್, ರಿಜಿಸ್ಟ್ರಿಯನ್ನು (ವಿಂಡೋಸಿನ ಸೆಟ್ಟಿಂಗುಗಳ ಕಡತ) ಹಿಂದಿನ ದಿನಕ್ಕೆ ಕೊಂಡೊಯ್ಯುತ್ತದೆ, ಮಕ್ಕಳ ಅಂಕಪಟ್ಟಿಯ ಫೈಲ್ ಮುಟ್ಟುವುದಿಲ್ಲ. ಹಾಗೇ ಅಳಿಸಿಹೋದ ಅಂಕಪಟ್ಟಿಯನ್ನೂ ತರುವುದಿಲ್ಲ. ಈ ಎರಡನ್ನೂ ಜನ ಕಲಸಿಕೊಳ್ಳುತ್ತಾರೆ.

ಅದೂ ಆಗಲಿಲ್ಲ ಅಂದರೆ ಸೇಫ್ ಮೋಡ್. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವಲ್ಲ, ವಿಮಾನಗಳೂ ನಿಂತವು. ಅದರ ಮದ್ದು ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಡಿಲೀಟ್ ಮಾಡುವುದು, ಅಷ್ಟೇ. ಅದಕ್ಕೆ ಫಾರ್ಮ್ಯಾಟ್ ಬೇಕಿರಲಿಲ್ಲ.

ಆನ್ ಆದ ಮೇಲೂ ಕುಂಟುತ್ತಿದ್ದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ಡಿಸ್ಮ್’ ರಿಸ್ಟೋರ್ ಹೆಲ್ತ್, ಆಮೇಲೆ ‘ಎಸ್‌ಎಫ್‌ಸಿ ಸ್ಕ್ಯಾನ್ ನೌ’. ಒಂದು ವಿಂಡೋಸ್ ಫೈಲುಗಳ ಉಗ್ರಾಣ ಸರಿ ಮಾಡುತ್ತದೆ, ಇನ್ನೊಂದು ಉಗ್ರಾಣದಿಂದ ತಂದು ಅಡುಗೆಮನೆ ಸರಿ ಮಾಡುತ್ತದೆ. ಒಂದು ಕ್ಲಿಕ್ಕಿನಲ್ಲಿ ಎಲ್ಲ ಸರಿ ಮಾಡುವ ರಿಜಿಸ್ಟ್ರಿ ಕ್ಲೀನರ್ ಮಾತ್ರ ಹಾಕಬೇಡಿ. ಮೈಕ್ರೋಸಾಫ್ಟೇ ಅವುಗಳಿಗೆ ಬೆಂಬಲ ಇಲ್ಲ ಅಂತ ಹೇಳಿದೆ. ಹೆಸರುವಾಸಿ ಆದದ್ದೂ ಕೈಕೊಡಬಹುದು. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಯಾರೋ ಮಾಲ್‌ವೇರ್ ತೂರಿಸಿದ್ದರು, ಕಂಪನಿಯ ಜಾಲತಾಣದಿಂದಲೇ ಅದು ಜನರಿಗೆ ಹೋಯಿತು.

ಇನ್ನೊಂದು ಮಾತು, ಹೊಸ ಲ್ಯಾಪ್‌ಟಾಪ್ ಇದ್ದವರಿಗೆ. ವಿಂಡೋಸ್ 11 ಬಹಳ ಯಂತ್ರಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಬೀಗ ಹಾಕಿರುತ್ತದೆ. ದುರಸ್ತಿ ಪರದೆಗೆ ಹೋದಾಗ 48 ಅಂಕಿಯ ಕೀಲಿ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅಂಗಡಿಯ ಹುಡುಗ ತನ್ನ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀಲಿ ಅವನ ಖಾತೆಯಲ್ಲಿ! ಇವತ್ತೇ ನೋಡಿ, ಒಂದು ಕಾಗದದಲ್ಲಿ ಬರೆದಿಡಿ. ಕೀಲಿ ಇಲ್ಲ ಅಂದರೆ ನಾನಲ್ಲ, ಬ್ರಹ್ಮ ಬಂದರೂ ತೆಗೆಯಲು ಆಗುವುದಿಲ್ಲ.

ಹಾನಗಲ್ ಮೇಷ್ಟ್ರು · ಬುಧವಾರ ಬೆಳಿಗ್ಗೆ 10:30

ಅಪ್‌ಡೇಟ್ ಕಿತ್ತ ಮೇಲೆ ಆನ್ ಆಯಿತು. ಎಂಟನೇ ತರಗತಿ ಹುಡುಗಿ ಒಬ್ಬಳು ಮಾಡಿದಳು, ನಾನು ಓದಿ ಹೇಳಿದೆ ಅಷ್ಟೇ.

ಬ್ಯಾಡಗಿ ಲೆಕ್ಕ · ಬೆಳಿಗ್ಗೆ 11:15

ಟ್ಯಾಲಿ ಇಟ್ಟುಕೊಂಡವರಿಗೆ ಒಂದು. ಡೇಟಾ ಎರರ್ ಬಂದರೆ ಅದರಲ್ಲೇ ಸರಿ ಮಾಡುವ ದಾರಿ ಇದೆ. ಹಳೇ ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್, ಆರ್ ಒತ್ತಿದರೆ ‘ರೀರೈಟ್’. ಪ್ರೈಮ್‌ನಲ್ಲಿ ಡೇಟಾ ಮೆನುವಿನಲ್ಲಿ ‘ರಿಪೇರ್’. ಆದರೆ ಒತ್ತುವ ಮೊದಲು ಕಂಪನಿಯ ನಂಬರಿರುವ ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ ಇಡಿ. ರಿಪೇರಿ ನಡೆಯುವಾಗ ಹಾಳಾದ ಎಂಟ್ರಿಗಳು ಬಿದ್ದುಹೋಗಬಹುದು. ಯಾವುದು ಬಿತ್ತು ಅಂತ ತಾಳೆ ನೋಡಲು ಹಳೆಯದು ಬೇಕು.

ಗದಗ ಡಿಟಿಪಿ · ಗುರುವಾರ ರಾತ್ರಿ 10:15

ವರದಿ ಒಪ್ಪಿಸುತ್ತಿದ್ದೇನೆ.

ಮಂಗಳವಾರ ರಾತ್ರಿ ಕಮಾಂಡ್ ಟೈಪ್ ಮಾಡಿ ಫೋಟೋ ಕಳಿಸಿದಾಗ ಉಣಕಲ್ ಸರ್ ಫೋನ್ ಮಾಡಿ ಬೈದರು. ನಾನು ಅದಲುಬದಲು ಬರೆದಿದ್ದೆ! ತಿದ್ದಿ ಎಂಟರ್ ಒತ್ತಿದ್ದು 11ಕ್ಕೆ. ಬೆಳಗಿನ ನಾಲ್ಕಕ್ಕೆ ನೂರಕ್ಕೆ 99ರಷ್ಟು ಬಂತು. ಕೊನೆಯ ಚೂರಿಗೆ ಮಧ್ಯಾಹ್ನದ ತನಕ ಕೆದಕಿತು. ನಡುವೆ ಒಂದು ಸಲ ಕರೆಂಟ್ ಹೋಯಿತು, ಮ್ಯಾಪ್ ಫೈಲ್ ಇದ್ದದ್ದರಿಂದ ಅಲ್ಲಿಂದಲೇ ಶುರುವಾಯಿತು. ಕೊನೆಗೆ ಓದಲು ಆಗದೆ ಉಳಿದದ್ದು 36 ಕೆಬಿ. ಹಳೇ ಡಿಸ್ಕನ್ನು ತೆಗೆದು ಕಪಾಟಿನಲ್ಲಿಟ್ಟೆ.

ಆ ಇಮೇಜನ್ನು ಡಿಎಮ್‌ಡಿಇಯಲ್ಲಿ ತೆರೆದು ಫುಲ್ ಸ್ಕ್ಯಾನ್ ಕೊಟ್ಟೆ. 2021ರಿಂದ ಈಚೆಗಿನ ಫೋಲ್ಡರ್ ಎಲ್ಲ ಹೆಸರು ಸಮೇತ ಬಂದವು. ಸ್ಮರಣ ಸಂಚಿಕೆ ಬಂತು. ಪೇಜ್‌ಮೇಕರ್‌ನಲ್ಲಿ ತೆರೆದಾಗ ಅಕ್ಷರವೆಲ್ಲ ಟೋಪಿ ಹಾಕಿದ ಇಂಗ್ಲಿಷ್ ಆಗಿ ಕಂಡಿತು. ಎದೆ ಒಡೆದುಹೋಯಿತು. ಆಮೇಲೆ ನೋಡಿದರೆ ಈ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಹಾಕಿಯೇ ಇರಲಿಲ್ಲ! ಫಾಂಟ್ ಹಾಕಿದ ಮೇಲೆ ಸರಿಹೋಯಿತು. 96ರಲ್ಲಿ ಎರಡು ಪುಟದ ಚಿತ್ರ ಮಾತ್ರ ಸಿಗುತ್ತಿಲ್ಲ, ಅವು ಶಾಲೆಯವರ ಹತ್ತಿರ ಇವೆ.

ಅದಕ್ಕೂ ಹಿಂದಿನ ಎರಡು ವರ್ಷದ ಫೋಲ್ಡರ್ ಬರಲಿಲ್ಲ. ಅವುಗಳಿಗೆ ಫೋಟೋರೆಕ್ ಬಿಟ್ಟೆ. ಸುಮಾರು ಹನ್ನೊಂದು ಸಾವಿರ ಫೈಲ್ ಸುರಿದಿದೆ. ಎಲ್ಲದರ ಹೆಸರೂ ಎಫ್ ಅಕ್ಷರ, ಮುಂದೆ ಒಂದಿಷ್ಟು ಅಂಕಿ.

ರಾಣೇಬೆನ್ನೂರು ಸ್ಟುಡಿಯೋ · ರಾತ್ರಿ 10:30

ಭಾರೀ ಆಯ್ತಲ್ಲ ಅಣ್ಣಾ! ಕೋರಲ್ ಫೈಲ್ ಹೇಗೆ ಬಂದವು?

ಗದಗ ಡಿಟಿಪಿ · ರಾತ್ರಿ 10:36

ಕೆಲವು ಬಂದಿವೆ. ಬಹಳಷ್ಟು ಜಿಪ್ ಅಂತ ತೋರಿಸುತ್ತಿವೆ, ಅವು ನನ್ನವಲ್ಲ ಅನ್ನಿಸುತ್ತದೆ.

ಉಣಕಲ್ ದಂಡೆ · ರಾತ್ರಿ 10:50

ನಿಮ್ಮವೇ. ಕೋರಲ್‌ನ ಎಕ್ಸ್4 ಆವೃತ್ತಿಯಿಂದ ಈಚೆಗೆ ಸಿಡಿಆರ್ ಫೈಲ್ ಒಳಗಿಂದ ಜಿಪ್ ಕಟ್ಟೇ ಆಗಿರುತ್ತದೆ. ವರ್ಡ್‌ನ ಡಾಕ್ಸ್ ಕೂಡ ಹಾಗೇ. ಅಂಥ ಒಂದರ ಬಾಲ ಬದಲಿಸಿ ಸಿಡಿಆರ್ ಮಾಡಿ ತೆರೆದು ನೋಡಿ. ಆಮೇಲೆ ‘ಬ್ಯಾಕಪ್ ಆಫ್’ ಅಂತ ಹೆಸರಿರುವ ಸಿಡಿಆರ್‌ಗಳನ್ನೂ ಹುಡುಕಿ. ಕೋರಲ್ ತಾನೇ ಒಂದು ಪ್ರತಿ ಪಕ್ಕದಲ್ಲಿ ಇಡುತ್ತಿರುತ್ತದೆ, ಜನ ಅದನ್ನು ಕಸ ಅಂತ ಅಳಿಸುತ್ತಾರೆ. ಡಿಎಮ್‌ಡಿಇಯಲ್ಲಿ ಬಂದ ಫೋಲ್ಡರುಗಳಲ್ಲಿ ಇರಬಹುದು.

ಹುಡುಕುವಾಗ ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಸಿಗುವುದಿಲ್ಲ. ಹಳೇ ನುಡಿ ಅಕ್ಷರ ಯೂನಿಕೋಡ್, ಅಂದರೆ ಈಗಿನ ಕಂಪ್ಯೂಟರ್ ಕನ್ನಡದ ಪದ್ಧತಿ, ಅಲ್ಲ. ಊರಿನ ಹೆಸರನ್ನು ಹಳೇ ನುಡಿಯಲ್ಲಿ ಹೊಡೆದು, ಆ ಟೋಪಿ ಅಕ್ಷರಗಳನ್ನೇ ಕಾಪಿ ಮಾಡಿ ಹುಡುಕಿ. ಪೂರ್ತಿ ಅಲ್ಲದಿದ್ದರೂ ವರ್ಡ್ ಫೈಲುಗಳಲ್ಲಿ ಒಂದಿಷ್ಟು ಸಿಗುತ್ತವೆ.

ಸಾಧನಕೇರಿ · ರಾತ್ರಿ 11:02

ಆ ಹಳೇ ಡಿಸ್ಕ್ ಏನು ಮಾಡುತ್ತೀರಿ ಅಣ್ಣಾ?

ಗದಗ ಡಿಟಿಪಿ · ರಾತ್ರಿ 11:08

ಸರ್ ಹೇಳಿದ ಹಾಗೆ ಮೂರು ತಿಂಗಳು ಮುಟ್ಟುವುದಿಲ್ಲ. ನಾಳೆ ಇನ್ನೊಂದು ಡಿಸ್ಕ್ ತರುತ್ತೇನೆ, ಒಂದು ಅಂಗಡಿಗೆ, ಒಂದು ಮನೆಗೆ. ಯುಪಿಎಸ್ ಬ್ಯಾಟರಿ ಇವತ್ತೇ ಹಾಕಿಸಿದೆ.

ಗದಗ ಡಿಟಿಪಿ · ಶುಕ್ರವಾರ ಬೆಳಿಗ್ಗೆ 9:20

ಬಾಲ ಬದಲಿಸಿದ್ದು ಕೆಲಸ ಮಾಡಿತು ಸರ್. ಮೊದಲು ತೆರೆದದ್ದು ಒಂದು ಲಗ್ನಪತ್ರಿಕೆ. ನೋಡಿದರೆ ವರನ ಜಾಗದಲ್ಲಿ ಅವರ ಅಪ್ಪನ ಹೆಸರಿದೆ. ಅವತ್ತು ಇದೇ ಪ್ರೂಫ್ ನೋಡಿ ಅವರು ಅಂಗಡಿಗೆ ಬಂದು ಜಗಳ ತೆಗೆದಿದ್ದರು. ತಿದ್ದಿದ ಪ್ರತಿ ಉಳಿದ ಹತ್ತು ಸಾವಿರದಲ್ಲಿ ಎಲ್ಲೋ ಇರಬೇಕು.